ಅರಳಿ ಕೀಳುವ ಮಾವ

ಎರಡು ಎಲೆ, ಒಂದು ಚಿಗುರು. ಒಟ್ಟು ಎತ್ತರ ನನ್ನ ಕಿರುಬೆರಳಿನಷ್ಟು. ದಂಡಿಗನಹಳ್ಳಿ ಕಡೆಯಿಂದ ಚನ್ನರಾಯಪಟ್ಟಣಕ್ಕೆ ಹೋಗುವ ದಾರಿಯಲ್ಲಿ, ಒಂದು ಹಳೆಯ ಕಲ್ಲು ಸೇತುವೆಯ ಹೊರಮೈಯಲ್ಲಿ, ಎರಡು ಕಲ್ಲುಗಳ ಸಂದಿನಿಂದ ಅದು ತಲೆ ಹೊರಗೆ ಹಾಕಿತ್ತು. ಇಷ್ಟು ಪುಟ್ಟ ಅರಳಿ ಸಸಿಯೊಂದು ಮದುವೆಯ ದಿಬ್ಬಣವನ್ನು ನಿಲ್ಲಿಸಬಲ್ಲುದೇ? ನಿಲ್ಲಿಸಿತು! ಸರಿಯಾಗಿ ಹನ್ನೊಂದು ನಿಮಿಷ. ನಾನು ಗಡಿಯಾರ ನೋಡಿಕೊಂಡಿದ್ದೆ.

ಏಕೆಂದರೆ ಆ ದಿಬ್ಬಣದ ವ್ಯಾನಿನಲ್ಲಿ ನಮ್ಮ ಮಾವ ಇದ್ದರು.

ಮಾವ ಎಂದರೆ ನನ್ನ ಅಮ್ಮನ ಅಣ್ಣ. ಅವರಿಗೆ ಹುಚ್ಚು ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳುವವರು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕೂ ತಾಲ್ಲೂಕುಗಳಲ್ಲಿ ಬೇಕಾದಷ್ಟು ಜನರಿದ್ದಾರೆ. ನನ್ನ ಸಹಾಯ ಅವರಿಗೆ ಬೇಕಿಲ್ಲ. ನಾನು ಹೇಳುವುದಿಷ್ಟೆ: ಹಳೆಯ ಸೇತುವೆಯೊಂದನ್ನು ಕಂಡು, ಗಾಡಿ ನಿಲ್ಲಿಸದೆ, ಇಳಿಯದೆ, ಬಗ್ಗಿ ನೋಡದೆ ದಾಟಿಹೋಗುವುದು ಈ ಜನ್ಮದಲ್ಲಿ ಮಾವನಿಂದ ಸಾಧ್ಯವಿಲ್ಲ. ದಿನಪತ್ರಿಕೆಯ ತಲೆಬರಹ ಓದಲು ಕನ್ನಡಕ ಬೇಕು. ಆದರೆ ಸೇತುವೆಯ ಸಂದಿಯಲ್ಲಿ ಹುಟ್ಟಿದ ಅರಳಿಯ ಎರಡೆಲೆ ಮಾತ್ರ ರಸ್ತೆಯ ತಿರುವಿನಿಂದಲೇ, ಓಡುವ ವ್ಯಾನಿನೊಳಗಿನಿಂದಲೇ ಕಾಣಿಸುತ್ತದೆ!

"ನಿಲ್ಸಲಾ! ನಿಲ್ಸು ಅಂದೆ!"

ಡ್ರೈವರ್ ಹೆದರಿ ಬ್ರೇಕ್ ಹಾಕಿದ. ಮಾವ ಇಳಿದು, ಪಂಚೆ ಎತ್ತಿ ಕಟ್ಟಿ, ತಡೆಗೋಡೆಯ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ, ತಲೆಯನ್ನು ಹಳ್ಳದ ಕಡೆಗೆ ಇಳಿಬಿಟ್ಟರು. ಕೈಯಲ್ಲಿ ಬಗ್ಗಿಸಿದ ಸೈಕಲ್ ಕಡ್ಡಿ. ಮದುವೆಗೆ ಹೊರಟವರ ಜೇಬಿನಲ್ಲಿ ಸೈಕಲ್ ಕಡ್ಡಿ ಏಕಿತ್ತು ಎಂದು ಕೇಳಬೇಡಿ. ಅದು ಯಾವಾಗಲೂ ಇರುತ್ತದೆ.

"ಯಾರಾದ್ರೂ ಕಾಲು ಇಡ್ಕಳ್ರೋ!"

ಹತ್ತಿರದಲ್ಲಿದ್ದವನು ಒಬ್ಬನೇ. ಪೇಟ, ರೇಷ್ಮೆ ಪಂಚೆ, ಕೆನ್ನೆಯ ಮೇಲೆ ದೃಷ್ಟಿಬೊಟ್ಟು. ನಮ್ಮ ಚಿಕ್ಕಮ್ಮನ ಮಗ, ಅಂದಿನ ಮದುವೆ ಗಂಡು.

"ಮಾವಯ್ಯ, ಮೂರ್ತ ಮೀರ್ತದೆ ಮಾವಯ್ಯ!"

"ಮೂರ್ತಕ್ಕೆ ಇನ್ನೂ ಒಂದ್ ಗಂಟೆ ಐತೆ ಕಣ್ಲಾ. ಇದು ಬೇರು ಬುಡ್ತು ಅಂದ್ರೆ ನಿನ್ ಮೊಮ್ಮಕ್ಕಳು ಈಜ್ಕಂಡೇ ಮದ್ವೆಗೋಗ್ಬೇಕಾಯ್ತದೆ. ಬಿಗಿಯಾಗಿ ಇಡ್ಕ! ಬಿರ್ರನೆ, ಹಾಲು ಒಡೀತದೆ!"

ವೀಡಿಯೊದವನು ಸುಮ್ಮನೆ ಇರುತ್ತಾನೆಯೇ? ಹಾಗಾಗಿ ನಮ್ಮ ಚಿಕ್ಕಮ್ಮನ ಮನೆಯ ಮದುವೆಯ ಆಲ್ಬಮ್ಮಿನ ಮೊದಲ ಚಿತ್ರದಲ್ಲಿ, ಗಂಡು ಯಾರದೋ ಎರಡು ಅಂಗಾಲುಗಳನ್ನು ಎದೆಗವಚಿಕೊಂಡು ನಿಂತಿದ್ದಾನೆ. ಮಂಟಪದಲ್ಲಿ ತಡವಾದ ಕಾರಣ ಕೇಳಿದ ಪುರೋಹಿತರು ಮಾತ್ರ ಬಹಳ ಸಂತೋಷಪಟ್ಟರು. "ಹಿರಿಯರ ಪಾದ ಹಿಡಿದು ಬಂದಿದ್ದಾನೆ. ಇದಕ್ಕಿಂತ ಒಳ್ಳೆಯ ಶಕುನ ಬೇಕೇ?"

ಈ 'ಹಾಲು ಒಡೀತದೆ' ಎಂಬುದನ್ನು ಇಲ್ಲಿಯೇ ವಿವರಿಸಬೇಕು. ಮಾವ ಡೇರಿಯ ಹಾಲಿನ ವ್ಯಾನಿನ ಡ್ರೈವರ್ ಆಗಿದ್ದವರು. ಬೆಳಗಿನ ಜಾವಕ್ಕೆ ಹೊರಟು, ಹಳ್ಳಿ ಹಳ್ಳಿಯ ಮುಂದೆ ನಿಂತು ಕ್ಯಾನುಗಳನ್ನು ಏರಿಸಿಕೊಂಡು, ಬಿಸಿಲೇರುವ ಮೊದಲು ಹಾಲು ಮುಟ್ಟಿಸಬೇಕು. ತಡವಾದರೆ ಒಡೆಯುತ್ತದೆ. ನಿವೃತ್ತರಾಗಿ ಎಷ್ಟೋ ವರ್ಷವಾದರೂ ಅವರ ಬೆನ್ನ ಹಿಂದೆ ಹಾಲು ಇನ್ನೂ ಕುಲುಕುತ್ತಲೇ ಇದೆ. ಯಾರಾದರೂ ಬಚ್ಚಲುಮನೆಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ಇದ್ದರೆ, ಹೆಣ್ಣು ನೋಡಲು ಬಂದವರು ಎರಡನೆಯ ಸಲ ಕಾಫಿ ಕೇಳಿದರೆ, ಬ್ಯಾಂಕಿನ ಮೇಡಂ ಕಂಪ್ಯೂಟರ್ ನೋಡುತ್ತ ಕುಳಿತರೆ, ಮಾವನ ಬಾಯಲ್ಲಿ ಅದೇ ಮಾತು. ಆ ಬ್ಯಾಂಕಿನ ಮೇಡಂ ಒಮ್ಮೆ ಗಾಬರಿಯಿಂದ ಎದ್ದು ನಿಂತು, "ಅಯ್ಯೋ, ಮನೇಲಿ ಒಲೆ ಮೇಲೆ ಇಟ್ಟು ಬಂದಿದ್ದೀರಾ?" ಎಂದು ಅವರಿಗೆ ಸರದಿ ತಪ್ಪಿಸಿ ಮೊದಲು ಕೆಲಸ ಮಾಡಿಕೊಟ್ಟರು. ಡ್ರೈವರಿಕೆಯ ಅಭ್ಯಾಸಬಲ ಎಂದು ನಾವೆಲ್ಲ ನಂಬಿದ್ದೆವು.

ಇನ್ನು ಅರಳಿಯ ವಿಷಯ. ಹಕ್ಕಿ ಅರಳಿ ಹಣ್ಣು ತಿನ್ನುತ್ತದೆ, ಸೇತುವೆಯ ಮೇಲೆ ಕುಳಿತು ಹಿಕ್ಕೆ ಹಾಕುತ್ತದೆ. ಬೀಜ ಕಲ್ಲಿನ ಸಂದಿಗೆ ಇಳಿಯುತ್ತದೆ. ಮೊದಲ ವರ್ಷ ಎರಡೆಲೆ, ಆಮೇಲೆ ಹೆಬ್ಬೆರಳು ಗಾತ್ರದ ಬೇರು, ಆಮೇಲೆ ತೋಳಿನ ಗಾತ್ರ. ಲಾರಿಗೂ ಜಗ್ಗದ, ಪ್ರವಾಹಕ್ಕೂ ಜಗ್ಗದ ಕಮಾನು ಒಂದು ಬೇರಿಗೆ ಬಾಯಿ ಬಿಡುತ್ತದೆ. ಇದು ಮಾವ ಹೇಳಿದ್ದು. ನಾನು ಇತಿಹಾಸದ ಎಂ.ಎ. ಮಾಡಿದವಳಾದ್ದರಿಂದ ಪುಸ್ತಕ ತೆರೆದು ನೋಡಿದೆ. ಸರಿಯಾಗಿಯೇ ಹೇಳಿದ್ದರು.

ಕೀಳುವುದೇನೋ ಸರಿ. ಕಿತ್ತ ಮೇಲೆ? ಅರಳಿಯನ್ನು ಎಸೆಯುವ ಧೈರ್ಯ ನಮ್ಮ ಕಡೆ ಯಾರಿಗಿದೆ! ಮಾವನಿಗಂತೂ ಇಲ್ಲ. ಬೇರು ಮುರಿಯದಂತೆ ಕಡ್ಡಿಯಲ್ಲಿ ಕೆದಕಿ ತೆಗೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಹೊಳೆನರಸೀಪುರದ ಮನೆಗೆ ತರುತ್ತಾರೆ. ಅಲ್ಲಿ ಗುಜರಿಗೆ ಹೋದ ಸೊಟ್ಟ ಹಾಲಿನ ಕ್ಯಾನುಗಳು ಕಾದಿರುತ್ತವೆ. ನಾನು ಪಿಯುಸಿಯ ಎರಡು ವರ್ಷ ಆ ಮನೆಯಲ್ಲಿದ್ದು ಓದಿದವಳು. ಹಿತ್ತಿಲಿನಲ್ಲಿ, ಮೆಟ್ಟಿಲ ಮೇಲೆ, ನಲ್ಲಿಯ ಪಕ್ಕ, ಎಲ್ಲ ಕಡೆ ಕ್ಯಾನು. ಪ್ರತಿ ಕ್ಯಾನಿನಲ್ಲೂ ಒಂದು ಅರಳಿ. ಒಂದು ದಿನ ಎಣಿಸಿದೆ. ನಲವತ್ತೊಂದು.

"ನಮ್ಮನೇಲಿ ದೇವ್ರುಗೋಳು ಜಾಸ್ತಿಯಾದ್ರು ಕಣವ್ವ," ಎನ್ನುತ್ತಿದ್ದರು ಅತ್ತೆ, ನನ್ನ ಜಡೆ ಹೆಣೆಯುತ್ತ. "ಬಟ್ಟೆ ಒಣಗಾಕುವಾ ಅಂದ್ರೆ ಯಾವ್ದೋ ಒಂದ್ ದೇವ್ರಿಗೆ ನೆಳ್ಳಾಯ್ತದೆ. ಯಾರ್ಗಾದ್ರೂ ಕೊಟ್ಟು ಬರಬಾರ್ದಾ ಈ ಮಾರಾಯ?"

ಅತ್ತೆಯ ಮಾತನ್ನು ಮಾವ ಮನಸ್ಸಿಗೆ ಹಾಕಿಕೊಂಡುಬಿಟ್ಟರು. ಅಂದಿನಿಂದ ನಮ್ಮ ನೆಂಟರಿಷ್ಟರ ಕಷ್ಟ ಶುರುವಾಯಿತು. ನಾಮಕರಣಕ್ಕೆ ಅರಳಿ, ಗೃಹಪ್ರವೇಶಕ್ಕೆ ಅರಳಿ. ಮೊನ್ನೆ ಕಟ್ಟಿದ ಮನೆಗೆ ಗೋಡೆ ಸೀಳುವ ಮರವನ್ನೇ ಕೈಯಾರೆ ಕೊಡುವ ಸಂಬಂಧಿಕ ನಿಮಗಿದ್ದಾರೆಯೇ? ಬೇಡ ಎನ್ನುವಂತಿಲ್ಲ, ದೇವರು. ನೆಡುವಂತಿಲ್ಲ, ಪಾಯ! ಆ ಚಿಕ್ಕಮ್ಮನ ಮಗನ ಮದುವೆಯಲ್ಲಿ ಮುಯ್ಯಿ ಓದುತ್ತಿದ್ದವರು ಮೈಕಿನಲ್ಲಿ, "ಗಂಡಿನ ಸೋದರಮಾವನವರಿಂದ..." ಎಂದು ಒಂದು ಕ್ಷಣ ನಿಂತು, ಪಕ್ಕದವರನ್ನು ಏನೋ ಕೇಳಿ, ಗಂಟಲು ಸರಿಮಾಡಿಕೊಂಡು, "...ಅರಳೀಮರ ಒಂದು!" ಎಂದರು. ಛತ್ರದ ಮೂಲೆಯಲ್ಲಿದ್ದ ಒಬ್ಬ ಮುದುಕಿ ಎದ್ದು ನಿಂತು ಕೈಮುಗಿದಳು.

ಕಟ್ಟಾಯದ ಹತ್ತಿರ ಒಂದು ಸೇತುವೆಯಿದೆ. ಮಾವ ಕಷ್ಟಪಟ್ಟು ಶುಚಿ ಮಾಡಿದ್ದು. ಮುಂದಿನ ವರ್ಷ ಹೋಗಿ ನೋಡಿದರೆ, ಅದೇ ಸೇತುವೆಯ ತಡೆಗೋಡೆಯ ಮೇಲೆ ಕುಂಕುಮ ಹಚ್ಚಿದ, ಹೂ ಮುಡಿಸಿದ ಒಂದು ಸೊಟ್ಟ ಕ್ಯಾನು. ಒಳಗೆ ಸೊಂಪಾಗಿ ಬೆಳೆದ ಅರಳಿ! ತಾವೇ ಯಾರಿಗೋ ಕೊಟ್ಟದ್ದು ಸುತ್ತಿ ಬಳಸಿ ಸೇತುವೆಗೇ ವಾಪಸು ಬಂದಿತ್ತು. "ಯಾವ ಅಯೋಗ್ಯ ನನ್ಮಗ ಇಟ್ಟೋನು?" ಎಂದು ಮಾವ ಒಂದು ವಾರ ಕೂಗಾಡಿದರು. ಇಟ್ಟವರು ಯಾರೆಂದು ಅವರಿಗೆ ಇಂದಿಗೂ ಗೊತ್ತಿಲ್ಲ. ನನಗೆ ಗೊತ್ತು. ಅವರ ಸ್ವಂತ ತಂಗಿ, ಅಂದರೆ ನನ್ನ ಅಮ್ಮ. ಸ್ಕೂಟಿ ಓಡಿಸಿದ್ದು ನಾನು.

ಕಿತ್ತ ಜಾಗದಲ್ಲಿ ತೂತು ಉಳಿಯುತ್ತದಲ್ಲ, ಅದಕ್ಕೆ ಸಿಮೆಂಟು ಹಾಕಿದರೆ ಮಾವನಿಗೆ ಆಗುವುದಿಲ್ಲ. "ಅಳೇ ಕಲ್ಲಿಗೆ ಸಿಮೆಂಟು ಒಗ್ಗಲ್ಲ. ಅದು ಬಿಗಿ, ಇದು ಉಸಿರಾಡೋದು." ಸುಣ್ಣ, ಮರಳು, ಬೆಲ್ಲದ ನೀರು ಸೇರಿಸಿ ತಾವೇ ಗಾರೆ ಅರೆಯುತ್ತಾರೆ. ಅತ್ತೆ ಇದ್ದಾಗ ಬೆಲ್ಲದ ಡಬ್ಬಿಯನ್ನು ಅಕ್ಕಿಯ ಡ್ರಮ್ಮಿನೊಳಗೆ ಹುದುಗಿಸಿಡುತ್ತಿದ್ದರು. ಮಾವ ಹೇಗೋ ಪತ್ತೆಹಚ್ಚುತ್ತಿದ್ದರು. ಯುಗಾದಿಯ ಹಿಂದಿನ ದಿನ ಒಬ್ಬಟ್ಟಿಗೆಂದು ತಂದ ಬೆಲ್ಲ ಎರಡು ಸೇತುವೆಗಳ ಪಾಲಾಯಿತು. ಅದರಲ್ಲಿ ಒಂದು ಊರಿನವರು ಮೂರನೆಯ ದಿನ ಫೋನ್ ಮಾಡಿದರು.

"ಸಾ, ಒಸಿ ಬಿರ್ರನೆ ಬನ್ನಿ ಸಾ. ನಿಮ್ ಸೇತುವೇನ ನಮ್ ಎಮ್ಮೆ ತಿಂತಾ ಐತೆ!"

ಅತ್ತೆ ನಗುತ್ತ ನಗುತ್ತ ಅಡುಗೆಮನೆಯ ನೆಲದ ಮೇಲೆ ಕುಳಿತುಬಿಟ್ಟರು. ಆ ನಗು ನನಗಿನ್ನೂ ಕೇಳಿಸುತ್ತದೆ. ಸದ್ದೇ ಇಲ್ಲದ ನಗು. ಭುಜ ಮಾತ್ರ ಕುಣಿಯುತ್ತಿತ್ತು.

ಅತ್ತೆ ಹೋಗಿ ಎರಡು ವರ್ಷವಾಯಿತು. ಅವರಿಗೆ ಮಕ್ಕಳಿರಲಿಲ್ಲ. ಈಗ ಬೆಲ್ಲದ ಡಬ್ಬಿ ಎಲ್ಲರಿಗೂ ಕಾಣುವ ಹಾಗೆ ಕಟ್ಟೆಯ ಮೇಲೆಯೇ ಇರುತ್ತದೆ. ಮಾವ ಅದರಿಂದ ಬೆಲ್ಲ ತೆಗೆಯುವಾಗ ಈಗಲೂ ಒಮ್ಮೆ ಹಿಂದೆ ತಿರುಗಿ ನೋಡುತ್ತಾರೆ.

ಅತ್ತೆ ಹೋದ ಮೇಲೆ ಮಾವ ಒಂದು ಭಾನುವಾರ ಹಾಸನಕ್ಕೆ ನಮ್ಮ ಮನೆಗೆ ಬಂದು, "ಕೂಸೇ, ಓದಿದವ್ಳು ನೀನು. ನಮ್ ಸೇತುವೆಗೋಳ್ನೆಲ್ಲ ಒಂದ್ ಬುಕ್ಕಲ್ಲಿ ಬರ್ಕೊಡ್ತೀಯಾ? ನಾನು ಹೋದ್ಮೇಲೆ ಯಾರಾದ್ರೂ ನೋಡ್ಕಳ್ಳಿ," ಎಂದರು. ನಾನು ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಭಾನುವಾರ ಬಿಡುವು. ಟೇಪು, ನೋಟ್‌ಬುಕ್ಕು ಹಿಡಿದು ಅವರ ಸ್ಕೂಟರಿನ ಹಿಂದೆ ಕುಳಿತೆ.

ನಾನು ಬರೆಯುವ ಕ್ರಮ ಹೀಗೆ: ಕಮಾನಿನ ಸಂಖ್ಯೆ, ಅಗಲ, ಎತ್ತರ, ಕಲ್ಲಿನ ಜಾತಿ, ಕಟ್ಟಿದ ವರ್ಷ. ಮಾವ ಬರೆಸುವ ಕ್ರಮ ಹೀಗೆ: "ಇವ್ಳು ಭಾಳ ಗಟ್ಟಿಗಿತ್ತಿ ಅಂತ ಬರ್ಕ. ಮಳೆಗಾಲ್ದಾಗೆ ಕೆಮ್ತಾಳೆ. ಆ ಕಡೆಯೋನಿಗೆ ಮಂಡಿ ನೋವು." ಕಟ್ಟಿದ ವರ್ಷ ಕೇಳಿದರೆ ಊರಿನ ಹಿರಿಯರದೆಲ್ಲ ಒಂದೇ ಉತ್ತರ: "ನಮ್ಮಜ್ಜನ ಕಾಲಕ್ಕೂ ಇಂಗೇ ಇತ್ತು ಕಣವ್ವ." ನಾನು 'ತಿಳಿದಿಲ್ಲ' ಎಂದು ಬರೆದೆ.

"ತಿಳ್ದಿಲ್ಲ ಅಂತ ಬರೀಬ್ಯಾಡ್ವೇ. ಬೇಜಾರಾಯ್ತದೆ."

"ಯಾರಿಗೆ ಮಾವ?"

ಮಾವ ಸೇತುವೆಯ ಕಡೆಗೆ ಗಲ್ಲ ತೋರಿಸಿ, ಅದಕ್ಕೆ ಕೇಳಿಸದಂತೆ ಕಣ್ಣು ಮಿಟುಕಿಸಿದರು.

ಒಂದು ಭಾನುವಾರ ಮನೆಯವರೆಲ್ಲ ಶೆಟ್ಟಿಹಳ್ಳಿಗೆ ಹೋದೆವು. ಹೇಮಾವತಿಯ ಹಿನ್ನೀರಿನಲ್ಲಿ ಅರ್ಧ ಮುಳುಗಿ ನಿಂತ ಆ ಪಾಳು ಚರ್ಚನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಎಲ್ಲರೂ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಮಾವ ಕಾಣಲಿಲ್ಲ. ಹುಡುಕಿದರೆ, ಬಂದ ದಾರಿಯಲ್ಲಿ ಒಂದು ಪುಟ್ಟ ಮೋರಿಯ ಮುಂದೆ ನಿಂತು, ದಾರಿಹೋಕನೊಬ್ಬನ ಕೈಗೆ ಫೋನ್ ಕೊಟ್ಟು, ಕಾಲರ್ ಸರಿಮಾಡಿಕೊಂಡು ಫೋಟೊ ತೆಗೆಸಿಕೊಳ್ಳುತ್ತಿದ್ದರು.

"ಅಲ್ಲ ಮಾವ, ಚರ್ಚ್ ನೋಡೋದು ಬಿಟ್ಟು ಮೋರಿ ನೋಡ್ತಿದ್ದೀರಲ್ಲ!"

"ಅದು ಬಿದ್ದೋಗೈತೆ, ನೋಡಕ್ಕೆ ಜನ ಸೇರ್ತಾರೆ. ಇದು ಇನ್ನೂ ನಿಂತೈತಲ್ಲವ್ವ. ಇದನ್ನ ಯಾರು ಮಾತಾಡುಸ್ತಾರೆ?"

ನಾನು ಆ ಮೋರಿಯನ್ನೂ ನೋಟ್‌ಬುಕ್ಕಿಗೆ ಸೇರಿಸಿದೆ.

ಹೀಗೆ ಪುಟಗಳು ತುಂಬುತ್ತ ಬಂದವು. ಪ್ರತಿ ಪುಟದ ಕೆಳಗೆ 'ಸಸಿ ತೆಗೆಯಲಾಗಿದೆ' ಎಂದು ಬರೆದು ದಾಖಲೆ ಮುಗಿಸುತ್ತಿದ್ದೆ. ಒಂದು ಪುಟದಲ್ಲಿ ಮಾತ್ರ ಆ ಸಾಲು ಖಾಲಿ ಉಳಿಯಿತು. ಹೊಳೆನರಸೀಪುರದಿಂದ ಅರಕಲಗೂಡಿನ ಕಡೆಗೆ ಹೋಗುವ ಹಳೆಯ ದಾರಿಯಲ್ಲಿ ಹಳ್ಳವೊಂದಕ್ಕೆ ಕಟ್ಟಿದ ಮೂರು ಕಮಾನಿನ ಸೇತುವೆ ಅದು. ಪಕ್ಕದಲ್ಲೇ ಕಾಂಕ್ರೀಟಿನದು ಬಂದ ಮೇಲೆ ಬಸ್ಸು, ಲಾರಿ ಎಲ್ಲ ಅದರ ಮೇಲೆ ಹೋಗುತ್ತವೆ. ಹಳೆಯದರ ಮೇಲೆ ದನ, ಕುರಿ, ನಡೆದುಹೋಗುವ ಜನ. ಅದರ ಹೊರಗೋಡೆಯಲ್ಲಿ ಹುಟ್ಟಿದ್ದು ಸಸಿಯಲ್ಲ, ಮರ! ತೊಡೆ ಗಾತ್ರದ ಬೇರು ಕಲ್ಲನ್ನು ಅಪ್ಪಿ ಇಳಿದಿದೆ. ಗೋಡೆ ನಾಲ್ಕು ಬೆರಳು ಹೊರಕ್ಕೆ ವಾಲಿದೆ. ತೂಗುಗುಂಡು ಬಿಟ್ಟು ಅಳೆದವಳು ನಾನೇ.

ನಾಲ್ಕು ತಾಲ್ಲೂಕಿನ ಅರಳಿಗಳಿಗೆ ಯಮನಂತಿದ್ದ ಮಾವ ಇದನ್ನು ಇಷ್ಟು ಬೆಳೆಯಲು ಹೇಗೆ ಬಿಟ್ಟರು? ಅಲ್ಲಿಗೆ ಹೋದಾಗಲೆಲ್ಲ ಸುತ್ತಲಿನ ಪುಟ್ಟ ಸಸಿಗಳನ್ನೆಲ್ಲ ಕಿತ್ತು, ಈ ಮರದ ಕಡೆ ನೋಡಿ, ಕನ್ನಡಕ ಒರೆಸಿಕೊಂಡು, "ಇದ್ನ ನಾಳೆ ನೋಡುವಾ," ಎನ್ನುತ್ತಿದ್ದರು. ಕೇಳಬೇಕೆನಿಸಿತು. ಕೇಳದಿರುವುದು ನನ್ನ ಅಭ್ಯಾಸ. ಸಾಲು ಖಾಲಿ ಬಿಟ್ಟೆ.

ಆ ಮರಕ್ಕೆ ಊರಿನ ಹೆಂಗಸರು ಪ್ರದಕ್ಷಿಣೆ ಬರುತ್ತಾರೆ. ಸೇತುವೆಯ ಹೊರಗೋಡೆಗೆ ಅಂಟಿಕೊಂಡ ಮರವನ್ನು ಸುತ್ತುವುದು ಹೇಗೆ ಎಂದಿರಾ? ನಾನೂ ಹಾಗೆಯೇ ಅಂದುಕೊಂಡಿದ್ದೆ. ಮರವನ್ನು ಬಲಕ್ಕಿಟ್ಟುಕೊಂಡು ಸೇತುವೆಯ ಮೇಲೆ ಆಚೆ ದಡಕ್ಕೆ ನಡೆಯುವುದು, ದಡ ಇಳಿಯುವುದು, ಮರದ ಮುಂದೆಯೇ ಹಳ್ಳದ ನೀರಿನಲ್ಲಿ ಕಾಲಿಟ್ಟು ಈಚೆ ದಡಕ್ಕೆ ಬರುವುದು, ಮತ್ತೆ ಹತ್ತುವುದು. ಒಂದು ಸುತ್ತಿಗೆ ಒಂದು ಸಲ ಸೇತುವೆ, ಒಂದು ಸಲ ಹಳ್ಳ. ಎರಡೂ ದಡಗಳಲ್ಲಿ ಹೆಜ್ಜೆ ಬಿದ್ದು ಬಿದ್ದು ಸಣ್ಣ ಕಾಲುದಾರಿಯೇ ಆಗಿದೆ. ಹಳ್ಳ ತುಂಬಿದಾಗ ಹರಕೆಗೆ ರಜೆ!

ಕಳೆದ ತಿಂಗಳು ಒಂದು ಶನಿವಾರ ಮಧ್ಯಾಹ್ನ ಲೋಕೋಪಯೋಗಿ ಇಲಾಖೆಯ ಇಂಜಿನಿಯರ್ ಬಂದರು. ಕರೆಸಿದ್ದು ಮಾವನೇ, ನನ್ನ ಕೈಯಲ್ಲಿ ಅರ್ಜಿ ಬರೆಸಿ ಹಳೆಯ ಸೇತುವೆಯನ್ನು ಉಳಿಸಿಕೊಡಿ ಎಂದು ಕೇಳಿದ್ದರು. ಯುವಕ, ಒಳ್ಳೆಯ ಮನುಷ್ಯ. ಸೇತುವೆಯ ಕೆಳಗೆಲ್ಲ ನುಸುಳಿ ನೋಡಿ, ಪ್ಯಾಂಟಿಗೆ ಕೆಸರು ಮಾಡಿಕೊಂಡು ಮೇಲೆ ಬಂದರು.

"ಕಮಾನು ಗಟ್ಟಿಯಾಗಿದೆ. ಉಳಿಸಬಹುದು. ಆದರೆ ಮರ ತೆಗೀಲೇಬೇಕು. ಇನ್ನೊಂದು ಮಳೆಗಾಲ ಹೀಗೇ ಬಿಟ್ಟರೆ ಗೋಡೆ ಹಳ್ಳಕ್ಕೆ ಬೀಳುತ್ತೆ. ಆಮೇಲೆ ಅಪಾಯ ಅಂತ ಪೂರ್ತಿ ಕೆಡವೋದೇ. ನಾಳೆ ಬೆಳಿಗ್ಗೆ ಊರಿನವರ ಒಪ್ಪಿಗೆ ಸಿಕ್ಕಿದರೆ ಕೆಲಸ ಶುರು ಮಾಡಿಸ್ತೀನಿ."

"ಮರ ಮುಟ್ಟಿ ನೋಡು, ಆಮೇಕೆ ಗೊತ್ತಾಯ್ತದೆ!" ಎಂದರು ಸೇರಿದ್ದ ಹೆಂಗಸರು.

ಎಲ್ಲರೂ ಮಾವನ ಮುಖ ನೋಡಿದರು. ಅರಳಿಯ ವಿರುದ್ಧ ಇನ್ನು ಅರ್ಧ ಗಂಟೆ ಭಾಷಣ ಎಂದು ನಾನೂ ಸಿದ್ಧಳಾದೆ. ಮಾವ ಮಾತ್ರ ಕೈಯಲ್ಲಿದ್ದ ಸೈಕಲ್ ಕಡ್ಡಿಯನ್ನು ನೆಟ್ಟಗೆ ಮಾಡಲು ಯತ್ನಿಸುತ್ತಿದ್ದರು.

ಆಗ ಗುಂಪಿನಿಂದ ನಿಂಗಮ್ಮಜ್ಜಿ ಮುಂದೆ ಬಂದರು. ಸೇತುವೆಯ ಪಕ್ಕದ ಮನೆಯವರು. ವಯಸ್ಸು ಅವರಿಗೂ ತಿಳಿದಿಲ್ಲ.

"ಅವ್ನೇನ್ ಯೋಳ್ತಾನೆ? ಮೊದ್ಲು ಇದ್ಕೆ ದಾರ ಕಟ್ಟಿದವ್ಳು ಅವ್ನ ಹೆಂಡ್ರೇ ಅಲ್ವಾ? ಗೇಣುದ್ದ ಇತ್ತು ಆವಾಗ. ಅವಳ್ನ ನೋಡೇ ನಾವೆಲ್ಲ ಸುತ್ತಕ್ಕೆ ಸುರು ಮಾಡಿದ್ದು." ಎಲೆಅಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿ ಇಂಜಿನಿಯರ್ ಕಡೆ ತಿರುಗಿದರು. "ಸೇತುವೆ ಬಿದ್ರೆ ಮರಾನೂ ಬೀಳ್ತದೆ, ಅಷ್ಟು ನಮ್ಗೂ ತಿಳೀತದೆ ಸಾ. ಆದ್ರೆ ಸುಮ್ಕೆ ಕಡ್ಯಂಗಿಲ್ಲ. ಮೊದ್ಲು ದಾರ ಕಟ್ಟಿದ ಮನೆ ಹೆಣ್ಮಗಳು ಬಂದು, ಒಂಬತ್ತು ಸುತ್ತು ಬಂದು, ತೆಗೀತೀವಿ ಕಣವ್ವ ಅಂತ ಕೇಳ್ಕಳ್ಳಿ. ಆಮೇಕೆ ತೆಗೀರಿ. ಏನಂದೀರಾ?"

ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡು ತಲೆ ಆಡಿಸಿದರು. ಮಾವ "ನಾಳೆ ಬತ್ತೀನಿ" ಎಂದು ಸ್ಕೂಟರ್ ಹತ್ತಿದರು. ದಾರಿಯಲ್ಲಿ ಮೂರು ಹಳೆಯ ಮೋರಿಗಳು ಬಂದವು. ಒಂದಕ್ಕೂ ನಿಲ್ಲಿಸಲಿಲ್ಲ.

ಆ ದಿನ ನಾನು ಹಾಸನಕ್ಕೆ ಹೋಗಲಿಲ್ಲ, ಹೊಳೆನರಸೀಪುರದಲ್ಲೇ ಉಳಿದೆ. ಸಂಜೆ ಮಾವ ಹಿತ್ತಿಲಲ್ಲಿ ಕ್ಯಾನುಗಳಿಗೆ ನೀರು ಹಾಕುತ್ತಿದ್ದರು. ನಾನು ಮೆಟ್ಟಿಲ ಮೇಲೆ ಕುಳಿತಿದ್ದೆ. ಅವರು ನನ್ನ ಕಡೆ ನೋಡದೆ, ಒಂದೊಂದು ಕ್ಯಾನಿಗೆ ಒಂದೊಂದು ಮಾತಿನಂತೆ ಹೇಳತೊಡಗಿದರು.

"ನಲ್ವತ್ತೆಂಟು ದಿನ ಸುತ್ತಬೇಕು ಅಂತ ಯಾರೋ ಯೋಳಿದ್ರು ನಿಮ್ಮತ್ತೆಗೆ. ಮಗು ಆಯ್ತದೆ ಅಂತ. ತಾನಾಗೇ ಉಟ್ಟಿದ ಅರಳಿಯೇ ಆಗ್ಬೇಕು ಅಂತ. ಬೆಳಗ್ಗೆ ಬೆಳಗ್ಗೆ ವ್ಯಾನಲ್ಲಿ ಕೂರುಸ್ಕಂಡು ಓಗ್ತಿದ್ದೆ. ದಿನಾ ಒಂಬತ್ತು ಸುತ್ತು. ನಾನು ಮ್ಯಾಲೆ ನಿಂತ್ಕಂಡು ಕೂಗೋದು, ಬಾರೇ, ಹಾಲು ಒಡೀತದೆ ಅಂತ. ಅವ್ಳು ಕೆಳಗೆ ನೀರಲ್ಲಿ ನಿಂತ್ಕಂಡು ನಗೋದು."

ನೀರಿನ ಚೊಂಬು ತುಂಬಿಕೊಂಡರು.

"ಮೊದ್ಲನೇ ದಿನ ಡೇರೀಲಿ ಕೇಳಿದ್ರು, ಯಾಕಯ್ಯಾ ಲೇಟು ಅಂತ. ಸೇತುವೆ ರಿಪೇರಿ ಸಾ ಅಂದ್ಬುಟ್ಟೆ. ಮನೇಗ್ಬಂದು ಯೋಳಿದ್ರೆ ನಿಮ್ಮತ್ತೆ ಒಂದೇ ಸಮ ಅಳಕ್ಕೆ ಸುರು ಮಾಡಿದ್ಲು. ನಾನು ಹರ್ಕೆ ಮಾಡೋ ಹೊತ್ನಲ್ಲಿ ನೀನು ಸುಳ್ ಯೋಳ್ತೀಯಲ್ಲ, ಫಲ ಬತ್ತದಾ ಅಂತ. ಸರಿ, ಸುಳ್ ಆಗಬಾರ್ದು ಅಂತ ಮಾರ್ನೇ ದಿನದಿಂದ ಒಂದ್ ಸೈಕಲ್ ಕಡ್ಡಿ ತಕ್ಕಂಡೋದೆ. ಅವ್ಳು ಸುತ್ತೋಗಂಟ ನಾನು ಸೇತುವೆ ರಿಪೇರಿ ಮಾಡೋದು. ಅವ್ಳದೊಂದು ಬುಟ್ಟು ಮಿಕ್ಕ ಸಸಿಗೋಳ್ನೆಲ್ಲ ಕೀಳೋದು. ನಲ್ವತ್ತೇಳು ದಿನ ನಿಜವಾಗ್ಲೂ ಮಾಡ್ದೆ ಕಣವ್ವ."

ಕೊನೆಯ ಕ್ಯಾನಿಗೆ ನೀರು ಹಾಕಿ, ಚೊಂಬನ್ನು ಬೋರಲು ಹಾಕಿದರು.

"ಆ ಮೊದ್ಲನೇ ದಿನದ್ದೇ ಸುಳ್ಳಾಗೋಯ್ತು."

ಇಷ್ಟು ವರ್ಷ ನಾವೆಲ್ಲ ನಕ್ಕ ಆ ಕಡ್ಡಿ, ಆ ಗಾರೆ, ಆ ಸೊಟ್ಟ ಕ್ಯಾನುಗಳು ನನ್ನ ಸುತ್ತ ಇದ್ದವು. ನಾಲ್ಕು ತಾಲ್ಲೂಕಿನ ಸೇತುವೆಗಳ ಅಳತೆ ನನ್ನ ನೋಟ್‌ಬುಕ್ಕಿನಲ್ಲಿತ್ತು. ಇದನ್ನು ಬರೆಯಲು ಅದರಲ್ಲಿ ಕಾಲಂ ಇರಲಿಲ್ಲ.

"ಮರ ತೆಗೀಲಿ," ಎಂದರು ಮಾವ. "ಸೇತುವೆ ಇದ್ರೆ ಅವ್ಳು ನಡೆದ ಜಾಗನಾದ್ರೂ ಇರ್ತದೆ. ಆದ್ರೆ ಆ ಮುದ್ಕಿ, ಮನೆ ಹೆಣ್ಮಗಳು ಬರ್ಲಿ ಅಂತಾಳಲ್ಲ. ನಮ್ಮನೇಲಿ ಯಾರವ್ರೆ?"

ಈ ಮಾತನ್ನು ಅವರು ನನಗೆ ಹೇಳಲಿಲ್ಲ, ಬೋರಲು ಹಾಕಿದ ಚೊಂಬಿಗೆ ಹೇಳಿದರು. ನನಗೆ ಹರಕೆಗಳಲ್ಲಿ ನಂಬಿಕೆಯಿಲ್ಲ. ನಾಲ್ಕು ಜನರ ಮುಂದೆ ಏನನ್ನಾದರೂ ಮಾಡುವುದೆಂದರೆ ಇನ್ನೂ ಸಂಕೋಚ.

"ನಾಳೆ ಎಷ್ಟು ಗಂಟೆಗೆ ಹೊರಡೋಣ ಮಾವ?" ಎಂದೆ.

ಅವರು ತಲೆ ಎತ್ತಲಿಲ್ಲ. "ವ್ಯಾನು ಓಗ್ತಿದ್ದ ಹೊತ್ಗೆ," ಎಂದರು.

ಮರುದಿನ ಬೆಳಿಗ್ಗೆ ಬೆಳಕು ಹರಿಯುವಷ್ಟರಲ್ಲಿ ಅಲ್ಲಿದ್ದೆವು. ಸ್ಕೂಟರಿನ ಮುಂದೆ, ಕಾಲಿಡುವ ಜಾಗದಲ್ಲಿ, ಆ ಮರದ ಒಂದು ರೆಂಬೆ ನೆಡಲೆಂದು ತೊಳೆದು ಒರೆಸಿದ ಒಂದು ಖಾಲಿ ಕ್ಯಾನು. ನಿಂಗಮ್ಮಜ್ಜಿ ತಮ್ಮ ಮನೆಯ ಜಗಲಿಯ ಮೇಲೆ ಬಂದು ಕುಳಿತರು. ಇಂಜಿನಿಯರ್ ಇನ್ನೂ ಬಂದಿರಲಿಲ್ಲ. ನಾನು ಚಪ್ಪಲಿ ಬಿಟ್ಟು, ಮರವನ್ನು ಬಲಕ್ಕಿಟ್ಟುಕೊಂಡು ಸೇತುವೆಯ ಮೇಲೆ ನಡೆದೆ. ಮೂವತ್ತಾರು ಹೆಜ್ಜೆ. ಆಚೆ ದಡ ಇಳಿದೆ. ಮಣ್ಣಿನಲ್ಲಿ ಕಾಲಿಡುವ ಗುಳಿಗಳು ಮೊದಲೇ ಇದ್ದವು; ಪಾದ ತಾನಾಗಿ ಕುಳಿತುಕೊಂಡಿತು. ಹಳ್ಳದ ನೀರು ಹಿಮ್ಮಡಿಗಿಂತ ಸ್ವಲ್ಪ ಮೇಲೆ, ತಣ್ಣಗಿತ್ತು. ಮರದ ಬುಡದಲ್ಲಿ ಬಣ್ಣ ಹೋದ ದಾರಗಳು ಒಂದರ ಮೇಲೊಂದು ಸುತ್ತಿಕೊಂಡಿದ್ದವು. ಎಲ್ಲಕ್ಕಿಂತ ಒಳಗಿನದು ತೊಗಟೆಯಲ್ಲಿ ಹೂತು ಗೆರೆಯಾಗಿ ಮಾತ್ರ ಉಳಿದಿತ್ತು. ನಾನು ಅಲ್ಲಿ ನಿಂತು, ಹೇಳಬೇಕಾದ ಮಾತನ್ನು ಮೆಲ್ಲಗೆ ಹೇಳಿದೆ. ಮರಕ್ಕೆ ಹೇಳಿದೆನೋ ಅತ್ತೆಗೋ, ನನಗೆ ತಿಳಿಯದು.

ಮೇಲೆ ತಡೆಗೋಡೆಯ ಹತ್ತಿರ ಕಡ್ಡಿಯಿಂದ ಕಲ್ಲು ಕೆರೆಯುವ ಸದ್ದು ಕೇಳುತ್ತಿತ್ತು. ಅದು ನಿಂತಿತು. ಮಾವ ಬಗ್ಗಿ ನೋಡಿದರು. ಬೆಳಕು ಅವರ ಬೆನ್ನ ಹಿಂದಿತ್ತು, ಮುಖ ಕಾಣಲಿಲ್ಲ.

"ಬಾರವ್ವಾ," ಎಂದು ಕೂಗಿದರು. "ಬಿರ್ರನೆ ಬಾ. ಹಾಲು ಒಡೀತದೆ."

"ಬಂದೆ," ಎಂದು ಕೆಳಗಿನಿಂದ ಕೂಗಿ, ಎರಡನೆಯ ಸುತ್ತಿಗೆ ದಡ ಹತ್ತಿದೆ.